ರವಿಕೆಯೊಳಗಿನ ರಾಗಿ

ನನ್ನ ಎಡಗೈ ಬಲಗೈಗಿಂತ ಯಾಕೆ ದಪ್ಪ ಎಂದು ಮಗನ ಮಕ್ಕಳಾದ ನೀವಿಬ್ಬರು ದೊಡ್ಡವರು ಎಷ್ಟೋ ಸಲ ಕೇಳಿದ್ದೀರಿ. ಆ ಕೈಗೆ ನಾನು ಹಾಕಿಕೊಳ್ಳುವ ಬಿಗಿಯಾದ ತೋಳುಚೀಲವನ್ನು ಕಂಡು "ಅಜ್ಜಿ ಕೈಗೆ ಕಾಲುಚೀಲ ಹಾಕವ್ಳೆ" ಎಂದು ನಗುತ್ತೀರಿ. ಮೂರನೆಯವಳಿಗೆ, ಅಂದರೆ ನನ್ನ ಮಗಳ ಮಗಳಿಗೆ, ಇನ್ನೂ ಅಷ್ಟು ಮಾತು ಬಂದಿಲ್ಲ. ಬಂದ ಮೇಲೆ ಅವಳೂ ಕೇಳುತ್ತಾಳೆ. ಇದುವರೆಗೆ ನಾನು ಚೇಳು ಕಡಿದಿತ್ತು ಎಂದು ಹೇಳಿ ಒಲೆಯ ಕಡೆ ತಿರುಗಿಕೊಂಡಿದ್ದೇನೆ. ಬಾಯಲ್ಲಿ ಹೇಳುವುದು ನನ್ನಿಂದ ಆಗುವುದಿಲ್ಲ. ಬರೆದಿಟ್ಟರೆ ನೀವು ಓದುವಾಗ ನಾನು ನಿಮ್ಮ ಮುಖ ನೋಡಬೇಕಾಗಿಲ್ಲ. ಊರಿನ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಕಲಿತ ಕನ್ನಡ ಇದಕ್ಕೆ ಸಾಕಾಗಬಹುದು.

ಆಸ್ಪತ್ರೆಯವರು ನನ್ನ ಮೈಯಿಂದ ತೆಗೆದದ್ದಕ್ಕೆ ಒಂದು ಹೆಸರಿದೆ. ಕೊಟ್ಟಿಗೆಯಲ್ಲಿ ಹಸುವಿನ ವಿಷಯಕ್ಕೆ ಆ ಪದವನ್ನು ದಿನವೂ ಆಡುತ್ತೇನೆ. ನನ್ನ ವಿಷಯಕ್ಕೆ ಅದನ್ನು ಬರೆಯಲು ಕೈ ಏಳುವುದಿಲ್ಲ. ಎದೆ ಎಂದೇ ಬರೆಯುತ್ತೇನೆ. ಎಡಗಡೆಯ ಎದೆ.

ಅಲ್ಲಿ ಹುಣಸೆ ಬೀಜದಷ್ಟು ಗಂಟು ಕೈಗೆ ಸಿಕ್ಕಿದ್ದು ಸ್ನಾನ ಮಾಡುವಾಗ. ನೋವಿರಲಿಲ್ಲ. ನೋವಿಲ್ಲದ್ದು ತಾನಾಗಿ ಹೋಗುತ್ತದೆ ಎಂದುಕೊಂಡೆ. ಹೇಳಿದರೆ ತೋರಿಸಬೇಕಾಗುತ್ತದೆ, ತೋರಿಸುವುದಾದರೂ ಯಾರಿಗೆ? ನಿಮ್ಮ ತಾತ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಗಂಟು ಬೆಳೆದು, ಚರ್ಮ ಒಳಕ್ಕೆ ಎಳೆದುಕೊಂಡು, ರವಿಕೆಗೆ ಕಲೆಯಾಗತೊಡಗಿದ ಮೇಲೂ ನಾನು ಬಾಯಿ ಬಿಡಲಿಲ್ಲ. ಒಂದು ದಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಸೊಸೆ ಆ ರವಿಕೆಯನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು. ಏನೂ ಕೇಳದೆ ಒಳಗೆ ಹೋಗಿ ನನ್ನ ಮಗನಿಗೆ ಫೋನ್ ಮಾಡಿದಳು.

ಮೈಸೂರಿನ ಆಸ್ಪತ್ರೆಯಲ್ಲಿ ನನ್ನನ್ನು ನೋಡಿದ ಡಾಕ್ಟರಿಗೆ ನನ್ನ ಮಗನ ವಯಸ್ಸು. ಅವರು ನೋಡಿ ಮುಗಿಸುವವರೆಗೆ ನಾನು ಕಣ್ಣು ಮುಚ್ಚಿಕೊಂಡೇ ಇದ್ದೆ, ಹಾಗಾಗಿ ಅವರ ಮುಖ ಹೇಗಿತ್ತೆಂದು ಈಗಲೂ ಗೊತ್ತಿಲ್ಲ. "ಇನ್ನೂ ಮುಂಚೆ ಬಂದಿದ್ರೆ ಗಂಟು ಮಾತ್ರ ತೆಗೀಬೋದಿತ್ತು ಅಮ್ಮ" ಎಂದ ಅವರ ದನಿ ಮಾತ್ರ ನೆನಪಿದೆ. ಬೈದ ಹಾಗಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆಪರೇಷನ್ ಆಗಿ ಮನೆಗೆ ಬಂದ ಮೇಲೂ ಗಾಯದಿಂದ ಒಂದು ಸಣ್ಣ ಕೊಳವೆ ಹೊರಗೆ ಬಂದಿತ್ತು. ಅದರ ತುದಿಗೆ ಪ್ಲಾಸ್ಟಿಕ್ ಡಬ್ಬಿ. ಒಳಗಿನ ಕೆಟ್ಟ ನೀರು ಅದರಲ್ಲಿ ತುಂಬುತ್ತಿತ್ತು. ಮೊದಲು ಕೆಂಪಗಿದ್ದದ್ದು ಬರಬರುತ್ತಾ ಹಳದಿಯಾಯಿತು. ಡಬ್ಬಿಯನ್ನು ಬಟ್ಟೆಯ ಚೀಲದಲ್ಲಿಟ್ಟು, ಚೀಲವನ್ನು ಸೆರಗಿನೊಳಗೆ ತಬ್ಬಿಕೊಂಡು ಡ್ರೆಸ್ಸಿಂಗಿಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಒಮ್ಮೆ ಮೈಸೂರಿನಿಂದ ವಾಪಸು ಬರುವಾಗ ಬಿಳಿಕೆರೆಯಲ್ಲಿ ಹತ್ತಿದ ಒಬ್ಬ ಹೆಂಗಸು ನನ್ನ ಪಕ್ಕ ಕೂತಳು. ಬಸ್ಸು ಕುಲುಕಿದಾಗ ಚೀಲದ ಬಾಯಿ ಸರಿದು ಡಬ್ಬಿ ಅವಳ ಕಣ್ಣಿಗೆ ಬಿತ್ತು.

"ಏನಕ್ಕ, ಆಪಾಟಿ ತಬ್ಬಿಡ್ಕಂಡಿದ್ದೀಯ, ಜೇನುತುಪ್ಪನಾ?"

ಚೀಲದ ಬಾಯಿ ಮುಚ್ಚಿಕೊಂಡೆ. ಹೂಂ ಎಂದೆ.

"ಕೋಟೆ ಕಾಡಿಂದಾ? ಅಂಗಾದ್ರೆ ಒಸಿ ಕೊಡು ಮತ್ತೆ. ನಮ್ಮೊಗೀಗೆ ಕೆಮ್ಮು ಬುಟ್ಟೇ ಇಲ್ಲ. ಅಂಗ್ಡೀಲಿ ಬರೀ ಬೆಲ್ಲದ್ ಪಾಕ ಮಾರ್ತವ್ರೆ."

ನನ್ನ ಸೊಸೆ ಹಿಂದಿನ ಸೀಟಿನಿಂದ ಬಗ್ಗಿ, "ಮಾರಕ್ಕಲ್ಲ ಕಣಕ್ಕ, ದೇವ್ರಿಗೆ ಮೀಸ್ಲು" ಎಂದಳು.

"ದೇವ್ರು ಅಷ್ಟೊಂದ್ ಕುಡ್ದಾನಾ? ಒಂದ್ ಚಮ್ಚ ನಂಗ್ ಕೊಟ್ರೆ ಮುನುಸ್ಕತಾನಾ?"

ಸುತ್ತಲಿನವರು ನಕ್ಕರು. ಸೊಸೆಯೂ ನಕ್ಕಳು. ನಾನು ಕಿಟಕಿಯ ಕಡೆ ತಿರುಗಿ ಹುಣಸೂರು ಬರುವವರೆಗೂ ಹೊರಗೇ ನೋಡಿಕೊಂಡು ಕೂತೆ. ದೇವರಿಗೆ ಮೀಸಲು ಎಂಬ ಆ ಮಾತು ಬಹಳ ದಿನ ನನ್ನನ್ನು ಚುಚ್ಚುತ್ತಿತ್ತು.

ಸುಳ್ಳು ಅಲ್ಲಿಗೇ ನಿಲ್ಲಲಿಲ್ಲ. ಆಸ್ಪತ್ರೆಯಲ್ಲಿ ನರಕ್ಕೆ ಔಷಧಿ ಏರಿಸಿದ ಮೇಲೆ ತಲೆಗೂದಲು ಉದುರಿತು. ಊರವರು ಕೇಳಿದಾಗ ಬೆಟ್ಟದ ಮಾದಪ್ಪನಿಗೆ ಮುಡಿ ಕೊಟ್ಟೆ ಎಂದೆ. ನನ್ನ ಭಕ್ತಿಯನ್ನು ಹೊಗಳಿದವರೇ ಮಾರನೆಯ ದಿನ ಪ್ರಸಾದ ಎಲ್ಲಿ ಎಂದು ಬಂದರು. ಸೊಸೆ ಹುಣಸೂರಿನ ಅಂಗಡಿಯಿಂದ ಲಾಡು ತರಿಸಿ ಹಂಚಿದಳು. ಆಪರೇಷನ್ ಬಗ್ಗೆ ಊರಿನಲ್ಲಿ ಎಲ್ಲರಿಗೂ ಹೇಳಿದ್ದು ಬೆನ್ನಿನ ಗಂಟು ತೆಗೆಸಿದೆವು ಎಂದು. ಕೆ.ಆರ್. ನಗರದ ಕಡೆಯ ನಮ್ಮ ಬೀಗರಿಗೆ ಅಷ್ಟನ್ನೂ ಹೇಳಲಿಲ್ಲ. ನನ್ನ ಮಗಳನ್ನು ಕೊಟ್ಟ ಮನೆ ಅದು. ತಾಯಿಗೆ ಬಂದದ್ದು ಮಗಳಿಗೂ ಬರುತ್ತದೆ ಎಂದು ಅವಳನ್ನು ಬೇರೆ ಕಣ್ಣಿನಿಂದ ನೋಡಿಯಾರು ಎಂಬ ಹೆದರಿಕೆ. ಮಗಳು ಆಸ್ಪತ್ರೆಗೆ ಬಂದು ನನ್ನ ಜೊತೆ ಇದ್ದಳು, ಎಲ್ಲ ಬಲ್ಲಳು. ಆದರೆ ಅವಳಿಗೂ ನಾನು ಗಾಯ ತೋರಿಸಿರಲಿಲ್ಲ. ಬಚ್ಚಲಿನ ಅಗುಳಿ ಹಾಕದೆ ಸೀರೆ ಬದಲಾಯಿಸಿದವಳಲ್ಲ ನಾನು.

ಆಸ್ಪತ್ರೆಯ ಸಿಸ್ಟರ್ ಕೈಯ ವಿಷಯ ಬಿಡಿಸಿ ಹೇಳಿದ್ದರು. ಕಂಕುಳಿನ ಗಂಟುಗಳನ್ನೂ ತೆಗೆದಿದ್ದರಿಂದ ಎಡಗೈಯಲ್ಲಿ ನೀರು ನಿಲ್ಲುತ್ತದೆ. ಭಾರ ಎತ್ತಬಾರದು, ಗಾಯ ಮಾಡಿಕೊಳ್ಳಬಾರದು, ಬಿಸಿನೀರು ಸೋಕಿಸಬಾರದು. ಒಮ್ಮೆ ಊದಿಕೊಂಡರೆ ಪೂರ್ತಿ ಇಳಿಯುವುದು ಕಷ್ಟ. ದಿನಾ ಗೋಡೆಗೆ ಎದುರು ನಿಂತು ಬೆರಳುಗಳನ್ನು ಜೇಡ ಹತ್ತುವ ಹಾಗೆ ಮೇಲಕ್ಕೆ ಏರಿಸಬೇಕು. ಇಷ್ಟನ್ನೂ ಕೇಳಿ ನಾನು ತಲೆಯಾಡಿಸಿದ್ದೆ.

ಯಾರೂ ನೋಡಬಾರದೆಂದು ಬ್ಯಾರನ್ ಹಿಂದಿನ ಗೋಡೆಗೆ ಹೋಗಿ ಬೆರಳು ಹತ್ತಿಸುತ್ತಿದ್ದೆ. ಬ್ಯಾರನ್ ಎಂದರೆ ನಿಮಗೆ ಗೊತ್ತು, ನಮ್ಮ ಹೊಗೆಸೊಪ್ಪನ್ನು ಬಿಸಿ ಕೊಟ್ಟು ಹದ ಮಾಡುವ ಎತ್ತರದ ಮನೆ. ಬೆಂಕಿ ಹಾಕದ ತಿಂಗಳುಗಳಲ್ಲಿ ಅತ್ತ ಯಾರೂ ಸುಳಿಯುವುದಿಲ್ಲ. ಆದರೂ ಎದುರು ಮನೆಯವಳ ಕಣ್ಣಿಗೆ ಬಿದ್ದೆ. ಅವಳೂ ನಾನೂ ಈ ಊರಿಗೆ ಸೊಸೆಯರಾಗಿ ಬಂದದ್ದು ಒಂದೇ ಬೇಸಿಗೆಯಲ್ಲಿ. ಅವಳ ಬಾಯಿಗೆ ಈ ಊರಲ್ಲಿ ಬೀಗವಿಲ್ಲ.

"ಏನಮ್ಮಿ, ಗ್ವಾಡೆ ಮ್ಯಾಲೆ ಹಲ್ಲಿ ಇಡೀತಿದ್ದೀಯ?"

"ಬಿರುಕು ಬಿಟ್ಟದಾ ಅಂತ ನೋಡ್ತಿದ್ದೆ."

"ನಿನ್ ಮಗ ಬೆಂಕಿ ಆಕ್ದಾಗ ಗ್ವಾಡೇನೇ ಯೋಳ್ತದೆ ಬುಡು. ನೀನ್ಯಾಕ್ ತಡಕಾಡ್ತಿ?"

ಇನ್ನು ರಾಗಿಯ ವಿಷಯ. ಸೀರೆಯ ಸೆರಗು ನಿಲ್ಲುವುದು ಎಡ ಹೆಗಲ ಮೇಲೆ. ಹೆಗಲಿನಿಂದ ಕೆಳಗೆ ಅದಕ್ಕೆ ಆಧಾರವೇ ಇಲ್ಲದಂತಾಗಿ ಜಾರುತ್ತಿತ್ತು, ರವಿಕೆಯ ಆ ಭಾಗ ಗಾಳಿ ಬಿಟ್ಟ ಚೀಲದಂತೆ ಮಡಿಸಿಕೊಳ್ಳುತ್ತಿತ್ತು. ಆಸ್ಪತ್ರೆಯಲ್ಲಿ ಉಲ್ಲನ್‌ನಲ್ಲಿ ಹೆಣೆದ ಒಂದು ಉಂಡೆ ಕೊಟ್ಟಿದ್ದರು. ಅದಕ್ಕೆ ಭಾರವಿಲ್ಲ. ಬಗ್ಗಿ ಕಸ ಗುಡಿಸಿ ಏಳುವುದರೊಳಗೆ ಕತ್ತಿನ ಹತ್ತಿರ ಬಂದಿರುತ್ತಿತ್ತು. ಎರಡು ಕಡೆಯೂ ಸಮವಾಗಿ ನಿಲ್ಲಬೇಕಾದರೆ ತೂಕ ಬೇಕು. ನಿಮ್ಮ ತಾತನ ಹಳೆಯ ಪಂಚೆಯ ಮೆತ್ತನೆಯ ತುಂಡಿನಲ್ಲಿ ಚೀಲ ಹೊಲಿದು, ರಾಗಿ ತುಂಬಿ, ಬಾಯಿ ಹೊಲಿದೆ. ರಾಗಿ ಒಳ್ಳೆಯ ಕಾಳು. ಒತ್ತಿದ ಕಡೆ ಒತ್ತುತ್ತದೆ, ಚುಚ್ಚುವುದಿಲ್ಲ, ಮೈ ಬಿಸಿಗೆ ತಾನೂ ಬೆಚ್ಚಗಾಗುತ್ತದೆ. ಅದನ್ನು ಹಾಕಿಕೊಂಡು ಮೊದಲ ಸಲ ಡೈರಿಗೆ ಹಾಲು ಕೊಂಡೊಯ್ದ ದಿನ ಯಾರೂ ನನ್ನನ್ನು ಎರಡನೇ ಸಲ ನೋಡಲಿಲ್ಲ. ಅಷ್ಟೇ ನನಗೆ ಬೇಕಾಗಿದ್ದದ್ದು. ಈ ರಾಗಿ ಗಂಟಿನ ವಿಷಯ ಸೊಸೆಗೂ ಹೇಳಲಿಲ್ಲ.

ಹೀಗಿರುವಾಗ ಮಗಳು ಬಸುರಾದಳು. ಮೊದಲ ಹೆರಿಗೆ ತವರಿನಲ್ಲಿ. ಸೀಮಂತ ಮುಗಿಸಿ ಅವಳನ್ನು ಕರೆತರಲು ಕೆ.ಆರ್. ನಗರದ ಕಡೆಗೆ ಹೋದಾಗ ಬೀಗಿತ್ತಿ ನನ್ನ ಕೈಗೆ ಅಡಿಕೆಲೆ ಕೊಡುತ್ತಾ ಹೇಳಿದಳು.

"ಉಡುಗೀನ ನಿಮ್ ಕೈಗೆ ಆಕ್ತಿದ್ದೀನಿ ಬೀಗಿತ್ತೀರೆ. ಅವ್ವನ ಕೈ ನೀರು ಬಾಣ್ತಿಗೂ ಮೊಗೀಗೂ ಸರಿಯಾಗ್ ಬೀಳ್ಬೇಕು. ತೊಟ್ಲಿಗಾಕೋ ದಿನ ಒತ್ತಾರೆನೇ ಬಂದು ನಾನೂ ನೋಡ್ತೀನಿ."

ನೀರು ಹಾಕುವುದು ಎಂದರೆ ನಿಮಗೆ ಈಗ ಅಷ್ಟಾಗಿ ಗೊತ್ತಿಲ್ಲ. ನೀವಿಬ್ಬರು ದೊಡ್ಡವರು ಹುಟ್ಟಿದಾಗ ಹಾಕಿದವಳು ನಾನೇ. ನಿಮ್ಮಮ್ಮನಿಗೆ ತಾಯಿಯಿಲ್ಲದ್ದರಿಂದ ಪಿರಿಯಾಪಟ್ಟಣದ ತವರಿಗೆ ಕಳಿಸದೆ ಇಲ್ಲೇ ಬಾಣಂತನ ಮಾಡಿದೆ. ಬಚ್ಚಲಲ್ಲಿ ಮಣೆಯ ಮೇಲೆ ಕೂತು, ಕಾಲು ಚಾಚಿ, ಎಣ್ಣೆ ಹಚ್ಚಿದ ಮಗುವನ್ನು ಮೊಣಕಾಲಿನ ಕೆಳಗೆ ಎರಡೂ ಕಾಲಿನ ನಡುವಿನ ತಗ್ಗಿನಲ್ಲಿ ಮಲಗಿಸಿಕೊಳ್ಳಬೇಕು. ಎಡಗೈಯಲ್ಲಿ ಕತ್ತು ಹಿಡಿದು ಬಲಗೈಯಲ್ಲಿ ಉಜ್ಜಬೇಕು. ಇನ್ನೊಬ್ಬಳು ಹಂಡೆಯಿಂದ ಬಿಸಿನೀರು ತೋಡಿ ಚೊಂಬಿನಲ್ಲಿ ಉಯ್ಯುತ್ತಾಳೆ. ಮಗುವಿನ ಮೈಗೆ ಬೀಳುವ ನೀರು ಕೂತವಳ ಮೈಗೂ ಬೀಳುತ್ತದೆ. ಅದಕ್ಕೇ ಆ ಹೊತ್ತಿನಲ್ಲಿ ಯಾರೂ ರವಿಕೆ ಹಾಕುವುದಿಲ್ಲ, ಹಳೆಯ ಸೀರೆಯನ್ನು ಬಿಗಿಯಾಗಿ ಸುತ್ತಿಕೊಂಡು ಕೂರುತ್ತಾರೆ. ಬಚ್ಚಲಲ್ಲಿ ಇರುವವರೆಲ್ಲ ಹೆಂಗಸರೇ.

ನಾನು ಆ ಮಣೆಯ ಮೇಲೆ ಕೂರದಿದ್ದರೆ ಬೀಗಿತ್ತಿ ಯಾಕೆ ಎಂದು ಕೇಳುತ್ತಾಳೆ. ಕೂತರೆ ಒದ್ದೆ ಸೀರೆಯಲ್ಲಿ ಎಲ್ಲ ಕಾಣುತ್ತದೆ. ಮಗಳು ದಿನ ತುಂಬಿ ಮನೆಯೊಳಗೆ ಓಡಾಡುತ್ತಿದ್ದಾಗೆಲ್ಲ ನನಗೆ ಇದೇ ಯೋಚನೆ. ಹೆರಿಗೆ ಸುಸೂತ್ರವಾಗಲಿ ಎಂದು ಬೇಡಿಕೊಂಡದ್ದಕ್ಕಿಂತ ಹೆಚ್ಚಾಗಿ ನಾನು ಬಚ್ಚಲಿನ ಬಗ್ಗೆ ಯೋಚಿಸಿದೆ. ಇದನ್ನು ಬರೆಯುವಾಗಲೂ ಮುಖ ಬಿಸಿಯಾಗುತ್ತದೆ.

ಹೆಣ್ಣು ಮಗು ಹುಟ್ಟಿತು. ಹುಣಸೂರಿನ ಆಸ್ಪತ್ರೆಯಿಂದ ಬಾಣಂತಿಯನ್ನೂ ಮಗುವನ್ನೂ ಮನೆಗೆ ಕರೆತಂದಾಗ ಹೊಗೆಸೊಪ್ಪು ಮುರಿಯುವ ಕಾಲ. ಮಗನೂ ಸೊಸೆಯೂ ಬ್ಯಾರನ್ನಿಗೆ ಅಂಟಿಕೊಂಡಿದ್ದರು. ಆದರೂ ಸೊಸೆ ಹೇಳಿದಳು.

"ನೀವ್ ಬ್ಯಾಡಿ ಅತ್ತೆ. ಬಿಸ್ನೀರು, ಕೈ ಊದ್ಕತದೆ. ನಾನೇ ಆಕ್ತೀನಿ."

"ನಿಂಗೆ ಸೊಪ್ಪು ಕಟ್ಟೋದದೆ. ಅಜ್ಜಿ ಇದ್ದು ಅತ್ತಿಗೆ ನೀರು ಹಾಕಿದ್ರೆ ಜನ ಏನಂತಾರೆ?"

"ಜನ ಬಂದು ನಿಮ್ ಕೈ ನೀವ್ತಾರಾ?"

ಆದರೂ ಮಣೆ ಹಾಕಿಕೊಂಡು ಕೂತೆ. ಮೊದಲ ದಿನ ಬಾಣಂತಿಗೂ ಮಗುವಿಗೂ ಇಬ್ಬರಿಗೂ ಹಾಕಿದೆ. ಸಂಜೆ ಬೆರಳು ಮಡಿಸಲು ಆಗಲಿಲ್ಲ. ಮಾರನೆಯ ದಿನದಿಂದ ಮಗಳು ನನ್ನ ಕೈ ನೋಡಿ ತಾನೇ ಹಾಕಿಕೊಳ್ಳುತ್ತೇನೆ ಎಂದಳು. ಮಗುವಿಗೆ ಮಾತ್ರ ನಾನೇ ಹಾಕುತ್ತೇನೆ ಎಂದು ಹಟ ಹಿಡಿದೆ. ಚೊಂಬು ಹಿಡಿಯಲು ಎದುರು ಮನೆಯವಳು ಬರುತ್ತಿದ್ದಳು. ನಾನು ರವಿಕೆ ಬಿಚ್ಚಿರಲಿಲ್ಲ. ಒಳಗೆ ರಾಗಿ ಗಂಟೂ ಇತ್ತು.

"ಇದೇನಮ್ಮಿ, ಮದ್ವೆ ಮನೆಗ್ ಒಂಟಂಗೆ ರವ್ಕೆ ತೊಟ್ಕಂಡ್ ಕೂತಿದ್ದೀಯ?"

"ಛಳಿ ಕಣಕ್ಕ."

"ಅಂಡೆ ಮುಂದೆ ಛಳಿಯಾ? ನಂಗೆ ಬೆವ್ರು ಕಿತ್ಕಂಡ್ ಬತ್ತಾದೆ. ವಯಸ್ಸಾದಂಗೂ ನಿಂಗೆ ನಾಚ್ಕೆ ಜಾಸ್ತಿ ಆಯ್ತಾದೆ ಕಣೆ."

ದಿನಾ ಗಂಟು ಒದ್ದೆಯಾಗುತ್ತಿತ್ತು. ಬಿಸಿಲಿಗೆ ಹಾಕುವಂತಿಲ್ಲ, ತಂತಿಯ ಮೇಲೆ ಅದನ್ನು ಕಂಡವರು ಏನೆಂದು ಕೇಳದೆ ಇರುತ್ತಾರೆಯೇ? ಹಿಂಡಿ, ನನ್ನ ಟ್ರಂಕಿನಲ್ಲಿ ಸೀರೆಗಳ ಅಡಿ ಇಟ್ಟು, ಉಲ್ಲನ್ ಉಂಡೆಯನ್ನು ಪಿನ್ನು ಹಾಕಿ ನಿಲ್ಲಿಸಿಕೊಂಡು ಕೆಲಸ ಮಾಡುತ್ತಿದ್ದೆ. ಬೆಳಿಗ್ಗೆ ಅದೇ ತೇವದ ಗಂಟನ್ನು ಮತ್ತೆ ಒಳಗೆ ಸೇರಿಸುತ್ತಿದ್ದೆ. ಒದ್ದೆ ಬಟ್ಟೆಯಲ್ಲಿ ರಾಗಿ ಕಟ್ಟಿ ಬೆಚ್ಚಗಿಟ್ಟರೆ ಏನಾಗುತ್ತದೆ ಎಂದು ನನಗೆ ತಿಳಿಯದೆ? ನಿಮ್ಮೆಲ್ಲರಿಗೂ ಮೊಳಕೆ ರಾಗಿಯ ಹಿಟ್ಟು ಮಾಡಿ ಉಣ್ಣಿಸಿದವಳು ನಾನು. ಆದರೂ ಹೊಳೆಯಲಿಲ್ಲ. ನನ್ನ ಪಾಲಿಗೆ ಅದು ಕಾಳಾಗಿ ಉಳಿದಿರಲಿಲ್ಲ.

ಬಾಣಂತಿ ಕೋಣೆಯಲ್ಲಿ ಮಗಳು ಒಂದೆರಡು ಸಲ ಮೂಗರಳಿಸಿ, "ಅವ್ವ, ಎಲ್ಲೋ ಮೊಳಕೆ ಕಟ್ಟಿ ಮರ್ತ್ ಬಿಟ್ಟವ್ರೆ, ಹುಳಿ ವಾಸನೆ ಬರ್ತಾ ಅದೆ" ಎಂದಳು. ಸೊಸೆ ಅಡುಗೆಮನೆಯ ಪಾತ್ರೆಗಳನ್ನೆಲ್ಲ ತೆಗೆದು ನೋಡಿದಳು. ನಾನೂ ಅವಳ ಜೊತೆ ಹುಡುಕಿದೆ. ನಿಜವಾಗಿಯೂ ಹುಡುಕಿದೆ.

ಅದಾದ ಮಾರನೆಯ ಬೆಳಿಗ್ಗೆ ಎಂದಿನಂತೆ ಕೂತಿದ್ದೆ. ಮಗುವನ್ನು ಬೋರಲು ಹಾಕಿಕೊಂಡು, ಎಡಗೈಯಲ್ಲಿ ಕತ್ತಿನ ಕೆಳಗೆ ಆಧಾರ ಕೊಟ್ಟು, ಬಲಗೈಯಲ್ಲಿ ಕಡಲೆಹಿಟ್ಟು ತಿಕ್ಕುತ್ತಿದ್ದೆ. ಕೈ ಬಹಳ ಭಾರವಾಗಿತ್ತು. ಬೆರಳುಗಳು ಬಿಗಿದುಕೊಂಡು ನನ್ನವಲ್ಲ ಅನಿಸುತ್ತಿತ್ತು. ಎದುರು ಮನೆಯವಳು ನೀರು ಉಯ್ದಳು. ಮುಂದಕ್ಕೆ ಬಗ್ಗಿದೆ. ಒಳಗೆ ಏನೋ ಸಡಿಲವಾದದ್ದು ತಿಳಿಯಿತು. ಪಂಚೆಯ ಬಟ್ಟೆ ಹಳೆಯದು, ಒದ್ದೆಯಾಗಿ ಆಗಿ ಹೊಲಿಗೆ ಬಿಟ್ಟಿತ್ತು. ರವಿಕೆಯ ಕೆಳಗಿನಿಂದ ರಾಗಿ ಸುರಿದು ಮಗುವಿನ ಬೆನ್ನ ಮೇಲೆ ಬಿತ್ತು. ಕಾಳು ಕಾಳಿಗೂ ಬಿಳಿಯ ಮೊಳಕೆ.

ನನ್ನ ಬಲಗೈಯಲ್ಲಿ ಹಿಟ್ಟು ಮೆತ್ತಿಕೊಂಡಿತ್ತು. ಎಡಗೈ ತಾನಾಗಿ ಮೇಲೆದ್ದು ಎದೆಯನ್ನು ಒತ್ತಿಕೊಂಡಿತು. ಮಗುವಿನ ಕತ್ತನ್ನು ಬಿಟ್ಟು.

ತಲೆ ಕೆಳಕ್ಕೆ ಜಾರಿತು. ಎದುರು ಮನೆಯವಳು ಚೊಂಬು ಬಿಸಾಡಿ ಅಂಗೈ ಒಡ್ಡದೆ ಇದ್ದಿದ್ದರೆ ಮಗುವಿನ ಹಣೆ ಕಲ್ಲಿಗೆ ತಗಲುತ್ತಿತ್ತು. ತಗಲಲಿಲ್ಲ. ಮಗು ಅತ್ತಿತು, ಅಷ್ಟೆ. ಚೊಂಬು ಉರುಳಿದ ಸದ್ದಿಗೆ ಮಗಳು ಬಾಗಿಲಿಗೆ ಬಂದಿದ್ದಳು.

ಎದುರು ಮನೆಯವಳು ಮಗುವನ್ನು ಎತ್ತಿಕೊಂಡು ಅದರ ಬೆನ್ನು ನೋಡಿ, ಆಮೇಲೆ ತಲೆಯೆತ್ತಿ ಅಟ್ಟ ನೋಡಿದಳು. "ಎಲ್ಲಿಂದ ಬಿತ್ತಮ್ಮಿ ಇದು? ಇಲಿ ಕಣೆ. ಅಟ್ಟದ್ ಮ್ಯಾಲೆ ಇಲಿ ರಾಗಿ ಕೂಡಿಟ್ಕಂಡವೆ. ಇವುಗಳ ಮನೆ ಆಳಾಗ, ನಿನ್ ಮಗಂಗೆ ಯೋಳಿ ಪಾಸಾಣ ಇಡ್ಸು."

ನಾನು ಹೂಂ ಎಂದೆ. ಇಲಿಯೇ ಎಂದೆ. ಮಗಳು ಅಟ್ಟ ನೋಡಲಿಲ್ಲ. ನನ್ನ ರವಿಕೆ ನೋಡಿದಳು, ಅದರ ಮೇಲೆ ಒತ್ತಿಕೊಂಡಿದ್ದ ಕೈ ನೋಡಿದಳು. ಮಗುವನ್ನು ಟವಲಿನಲ್ಲಿ ಸುತ್ತಿಕೊಂಡು, ಅದರ ಕತ್ತಿನ ಮಡಿಕೆಯಲ್ಲಿ ಸಿಕ್ಕಿದ್ದ ಒಂದೊಂದೇ ಕಾಳನ್ನು ಉಗುರಿನಿಂದ ತೆಗೆಯುತ್ತಾ ಒಳಗೆ ಹೋದಳು.

ಅದುವರೆಗೆ ನಾನು ನಾಚಿಕೆಪಟ್ಟದ್ದು ಇಲ್ಲದ ಒಂದು ಅಂಗದ ಬಗ್ಗೆ. ಆ ದಿನದ ನಾಚಿಕೆ ಬೇರೆ. ಅದಕ್ಕೆ ಮುಚ್ಚಿಕೊಳ್ಳಲು ಸೆರಗೂ ಸಾಲದು, ರಾಗಿಯೂ ಸಾಲದು.

ಮಧ್ಯಾಹ್ನ ಊಟದ ತಟ್ಟೆ ತೆಗೆದುಕೊಂಡು ಕೋಣೆಗೆ ಹೋದೆ. ಮಗಳು ಬಾಗಿಲು ಹಾಕು ಎಂದಳು. ಹಾಕಿದೆ.

"ಎಷ್ಟು ದಿನದಿಂದ ರಾಗಿ?"

"ಕೂದ್ಲು ಉದುರ್ದಾಗಿಂದ."

ಅವಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿ, "ಸಾಸ್ವೆ ಹಾಕ್ಬೋದಿತ್ತು" ಎಂದಳು.

"ಅದೂ ಮೊಳೀತದೆ."

"ಹಾಗಾದ್ರೆ ಅಕ್ಕಿ."

"ಅಕ್ಕಿಗೆ ಹುಳ ಬೀಳ್ತದೆ."

ಅವಳಿಗೆ ನಗು ಬಂತು. ಹೆರಿಗೆಯ ಹೊಲಿಗೆ ಎಳೆಯುತ್ತದೆಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೂ ಬಂತು. ನಕ್ಕು ಮುಗಿದ ಮೇಲೆ "ತೋರ್ಸವ್ವ" ಎಂದಳು. ಆಗುವುದಿಲ್ಲ ಎಂದೆ. ಅವಳೇ ಎದ್ದು ಬಂದು ಸೆರಗಿನ ಪಿನ್ನು ತೆಗೆದಳು. ನಾನು ಗೋಡೆಯ ಕಡೆ ಮುಖ ಮಾಡಿಕೊಂಡೆ.

"ಇಷ್ಟೇನಾ" ಎಂದಳು.

ಸಮಾಧಾನಕ್ಕೆ ಹೇಳಿದಳೆಂದು ಗೊತ್ತು. ಆದರೂ ಆ ಮಾತು ನನಗೆ ಹಿಡಿಸಲಿಲ್ಲ. ಇಷ್ಟು ದಿನ ನಾನು ಹೊತ್ತು ತಿರುಗಿದ್ದು ಇಷ್ಟೇ ಆಗಿರಲಿಲ್ಲ. ರವಿಕೆಯ ಗುಂಡಿ ಹಾಕಿಕೊಂಡು, "ನಾಳೆಯಿಂದ ನಾನು ನೀರು ಹಾಕಲ್ಲ. ಕೈ ಬಿಟ್ಟವಳು ನಾನು" ಎಂದೆ. ಹಾಗಲ್ಲ ಎಂದು ಅವಳು ಹೇಳಲಿಲ್ಲ. ಅವಳು ಈಗ ತಾಯಿ. ಹೇಳಲಿಲ್ಲವೆಂದು ನನಗೆ ಕೋಪವೂ ಇಲ್ಲ.

ಸೊಸೆ ಬ್ಯಾರನ್ ಕೆಲಸದ ನಡುವೆ ಓಡಿ ಬಂದು ಮಗುವಿಗೆ ನೀರು ಹಾಕತೊಡಗಿದಳು. ಹೊಗೆಸೊಪ್ಪಿನ ಅಂಟು ಕೈಗೆ ಹತ್ತಿದರೆ ಸುಲಭಕ್ಕೆ ಹೋಗುವುದಿಲ್ಲ. ಹುಳಿ ಟೊಮೇಟೊ ಹಿಂಡಿ ತಿಕ್ಕಿ ತಿಕ್ಕಿ ತೊಳೆದುಕೊಂಡು ಬಂದು ಮಣೆಯ ಮೇಲೆ ಕೂರುತ್ತಿದ್ದಳು. ಎದುರು ಮನೆಯವಳಿಗೆ ಇನ್ನು ಬರುವುದು ಬೇಡ ಎಂದು ಹೇಳಿ ನಾನೇ ಚೊಂಬು ಹಿಡಿದೆ. ಬಲಗೈಯಲ್ಲಿ ಉಯ್ಯುವುದಕ್ಕೆ ತೊಂದರೆಯಿರಲಿಲ್ಲ. ಕೈಯ ಊತ ಇಳಿಯಲೇ ಇಲ್ಲ. ಮೈಸೂರಿಗೆ ತೋರಿಸಲು ಹೋದಾಗ ಸಿಸ್ಟರ್ ತೋಳನ್ನು ಒತ್ತಿ ನೋಡಿದರು. ಒತ್ತಿದ ಕಡೆ ಗುಣಿ ಬಿದ್ದು ಹಾಗೇ ಉಳಿಯಿತು. "ಏನ್ ಮಾಡಿದ್ರಿ ಅಮ್ಮ" ಎಂದರು. ತೋಳುಚೀಲ ಕೊಟ್ಟದ್ದು ಆಗಲೇ. ಅದು ನಿಮ್ಮ ಕಾಲುಚೀಲದ ಕತೆ.

ತೊಟ್ಟಿಲಿಗೆ ಹಾಕುವ ದಿನ ಬೀಗಿತ್ತಿ ಹೇಳಿದಂತೆ ಬೆಳಿಗ್ಗೆಯೇ ಬಂದಿಳಿದಳು. ಆ ದಿನಕ್ಕೆಂದು ಮಗಳು ನನಗೆ ಬೇರೆ ಗಂಟು ಹೊಲಿದು, ತೊಳೆದು ಒಣಗಿಸಿದ ಸಣ್ಣ ಮರಳು ತುಂಬಿ ಕೊಟ್ಟಿದ್ದಳು. ಹಾಕಿಕೊಂಡಿದ್ದೆ. ಮನೆ ತುಂಬ ನೆಂಟರಿರುವಾಗ ಹಾಕಿಕೊಳ್ಳದೆ ಇರುವ ಧೈರ್ಯ ನನಗಿರಲಿಲ್ಲ. ಕೈಗೆ ಉದ್ದ ತೋಳಿನ ರವಿಕೆ. ಕೇಳಿದರೆ ಏನು ಹೇಳಬೇಕೆಂದು ಮಗಳೂ ಸೊಸೆಯೂ ಮಾತಾಡಿಕೊಂಡಿದ್ದರು.

ಬೀಗಿತ್ತಿ ಕಾಫಿ ಕುಡಿದು ನೆಟ್ಟಗೆ ಬಚ್ಚಲಿಗೆ ಬಂದಳು. ಸೊಸೆ ಮಣೆಯ ಮೇಲೆ ಕೂತು ಮಗುವಿಗೆ ಎಣ್ಣೆ ತಿಕ್ಕುತ್ತಿದ್ದಳು. ನಾನು ಹಂಡೆಯ ಪಕ್ಕ ನಿಂತಿದ್ದೆ. ಮಗಳು ಬಾಗಿಲಲ್ಲಿ ಟವಲು ಹಿಡಿದುಕೊಂಡಿದ್ದಳು.

"ಇದ್ಯಾಕ್ ಬೀಗಿತ್ತೀರೆ, ನೀವ್ ನೀರಾಕಕಿಲ್ವಾ?"

"ಅವ್ವಂಗೆ ಕೈ ನೋವು ಅತ್ತೆ" ಎಂದಳು ಮಗಳು.

"ಕೈ ನೋವು ಅಂತ ಮಗಳ ಮೊದಲ್ನೇ ಮೊಗೀಗೆ ಅವ್ವ ಆದವಳು ನೀರಾಕದೆ ಇರ್ತಾಳಾ? ಇವತ್ತಾದ್ರೂ ನಿಮ್ ಕೈ ನೀರು ಬೀಳ್ಲಿ. ಏಳವ್ವ ನೀನು, ನಿಮ್ಮತ್ತೆ ಕೂತ್ಕಳ್ಲಿ. ನೀರು ನಾನ್ ಉಯ್ತೀನಿ." ಹೇಳುತ್ತಲೇ ಅವಳು ನನ್ನ ಕೈಯಿಂದ ಚೊಂಬು ತೆಗೆದುಕೊಂಡಳು.

ಸೊಸೆ ನನ್ನ ಮುಖ ನೋಡಿದಳು. ದೊಡ್ಡವರ ಮಾತು, ಎದ್ದಳು. ಮಗುವನ್ನು ಎತ್ತಿಕೊಂಡು ನಿಂತಳು. ಮಣೆ ಬರಿದಾಗಿ ನನ್ನ ಮುಂದೆ ಇತ್ತು. ಕೂತುಬಿಡಬಹುದಿತ್ತು. ಒಂದೇ ಒಂದು ಸಲ, ಬೇಗ ಬೇಗ ಮುಗಿಸಿಬಿಟ್ಟರೆ ಬೀಗಿತ್ತಿ ಮಧ್ಯಾಹ್ನ ಉಂಡು ಹೊರಡುತ್ತಾಳೆ, ಯಾರಿಗೂ ಏನೂ ತಿಳಿಯುವುದಿಲ್ಲ. ನಾನು ಸೀರೆಯನ್ನು ಮೊಣಕಾಲಿಗೆ ಎತ್ತಿ ಸಿಕ್ಕಿಸಿಕೊಂಡೂ ಆಗಿತ್ತು. ಸೊಸೆ ಮಗುವನ್ನು ಮುಂದಕ್ಕೆ ಚಾಚಿದಳು. ನನ್ನ ಎಡಗೈ ಏಳಲಿಲ್ಲ. ಏಳಿಸಿದ್ದರೆ ಏಳುತ್ತಿತ್ತು. ಆದರೆ ಆ ಕೈಯನ್ನು ನಾನು ನಂಬುವಂತಿರಲಿಲ್ಲ.

"ನಾನು ಕೂರಲ್ಲ ಬೀಗಿತ್ತೀರೆ" ಎಂದೆ. ನನ್ನ ದನಿ ನನಗೇ ಕೇಳಿಸದಷ್ಟು ಸಣ್ಣಗಿತ್ತು. "ನಂಗೆ ಎಡಗಡೆ ಎದೆ ತೆಗೆದವ್ರೆ. ಕ್ಯಾನ್ಸರ್. ಈ ಕೈ ಮಗೀನ ಹಿಡಿಯಲ್ಲ."

ಬೀಗಿತ್ತಿ ನನ್ನ ಎದೆ ನೋಡಿದಳು. ಅಲ್ಲಿ ಎರಡು ಕಡೆಯೂ ಒಂದೇ ಸಮ ಇತ್ತು. ಸುಳ್ಳು ಹೇಳುತ್ತಿದ್ದಾಳೆ ಎಂದುಕೊಂಡಳೋ ಏನೋ, ಹುಬ್ಬು ಗಂಟಿಕ್ಕಿದಳು. ನಾನು ಸೆರಗಿನ ಮೇಲೆ ಕೈಯಿಟ್ಟು "ಇದು ಮರಳು" ಎಂದೆ. ಅವಳ ಕಣ್ಣು ನನ್ನನ್ನು ಬಿಟ್ಟು ಬಾಗಿಲ ಕಡೆ ಹೋಯಿತು. ನನ್ನ ಮಗಳ ಎದೆಯ ಮೇಲೆ ನಿಂತಿತು. ಯಾವುದಕ್ಕೆ ಹೆದರಿ ಅಷ್ಟು ದಿನ ಬಾಯಿ ಕಟ್ಟಿಕೊಂಡಿದ್ದೆನೋ ಅದು ನನ್ನ ಕಣ್ಣ ಮುಂದೆಯೇ ಆಯಿತು. ಮಗಳು ಟವಲನ್ನು ಎದೆಗೆ ಅವಚಿಕೊಂಡಳು.

"ಯಾವಾಗ?"

"ಇವಳು ಬಸ್ರಿ ಆಗೋಕ್ ಮುಂಚೆ."

"ನಮ್ಗೆ ಯೋಳ್ಳಿಲ್ಲ."

"ನಾಚ್ಕೆ ಆಯ್ತು."

ಆಮೇಲೆ ಅವಳು ಏನಾದರೂ ಒಳ್ಳೆಯ ಮಾತು ಹೇಳಿದಳೆಂದು ಬರೆದರೆ ಸುಳ್ಳಾಗುತ್ತದೆ. ಹೇಳಲಿಲ್ಲ. ಊಟಕ್ಕೆ ಕೂತಾಗಲೂ ನನ್ನ ಜೊತೆ ಹೆಚ್ಚು ಮಾತಾಡಲಿಲ್ಲ. ಮಗಳನ್ನು ಪಕ್ಕಕ್ಕೆ ಕರೆದು, ನೀನೂ ಹೋಗಿ ತೋರಿಸಿಕೊಂಡು ಬಾ ಎಂದಳಂತೆ. ಅದರಲ್ಲಿ ಕಾಳಜಿ ಎಷ್ಟು, ಅನುಮಾನ ಎಷ್ಟು ಎಂದು ನನ್ನ ಮಗಳು ಇವತ್ತಿಗೂ ಹೇಳಲಾರಳು. ಎದುರು ಮನೆಯವಳಿಗೆ ಅದೇ ಸಂಜೆ ತಿಳಿಯಿತು. ಬಂದು ನನ್ನ ಹತ್ತಿರ ಕೂತು, "ಅಂಗಾದ್ರೆ ಇಲಿ ನೀನೇನಾ" ಎಂದಳು. ಮಾರನೆಯ ದಿನ ಊರಿಗೆಲ್ಲ ಗೊತ್ತಿತ್ತು. ನನ್ನ ನಾಚಿಕೆ ಹೋಗಲಿಲ್ಲ. ಈಗಲೂ ಡೈರಿಗೆ ಹೋಗುವಾಗ ಸೆರಗನ್ನು ಎರಡು ಪಿನ್ನು ಹಾಕಿಯೇ ಹೋಗುತ್ತೇನೆ.

ಆದರೆ ಬಚ್ಚಲಲ್ಲಿ ಆ ಹೊತ್ತು ಆದದ್ದು ಇಷ್ಟು. ಎಣ್ಣೆ ಮೈಯ ಮಗು ಸೊಸೆಯ ಕೈಯಲ್ಲಿ ಅಳಲು ಶುರುಮಾಡಿತು. ಬೀಗಿತ್ತಿ ಚೊಂಬನ್ನು ನನಗೆ ವಾಪಸು ಕೊಟ್ಟಳು. ಉಟ್ಟಿದ್ದ ರೇಷ್ಮೆ ಸೀರೆಯನ್ನೇ ಮೊಣಕಾಲಿಗೆ ಎತ್ತಿ ಸಿಕ್ಕಿಸಿ, ನಾನು ಕೂರಬೇಕಿದ್ದ ಮಣೆಯ ಮೇಲೆ ಕೂತು, ಕಾಲು ಚಾಚಿ, "ಕೊಡಿಲ್ಲಿ" ಎಂದಳು. ಮಗುವನ್ನು ಕಾಲ ಮೇಲೆ ಹಾಕಿಕೊಂಡು ಕತ್ತು ಹಿಡಿದಳು. ಗಟ್ಟಿಯಾದ ಕೈ ಅವಳದು.

"ನೋಡ್ಕಂಡ್ ನಿಂತ್ರೆ ಮೊಗೀಗೆ ಸೀತ ಆಯ್ತದೆ. ಉಯ್ರಿ."

ನಾನು ತಲೆ ಎತ್ತಲಿಲ್ಲ. ಬಲಗೈಯಲ್ಲಿ ನೀರು ತೋಡಿ ಹದ ನೋಡಿ, ಮಗುವಿನ ಕಿವಿಗೆ ಹೋಗದ ಹಾಗೆ ಸಣ್ಣ ಧಾರೆಯಲ್ಲಿ ಉಯ್ದೆ.